ಗುರಮ್ಮನ ಹೆಸರಿನ ಅಡಿಕೆ

ಸಾತಲಿಂಗಪ್ಪ ಹಿತ್ತಾಳೆಯ ತಾಟನ್ನು ಎದೆಮಟ್ಟಕ್ಕೆ ಹಿಡಿದು, ಹಾಸಿಗೆಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ, ಹಡಗು ಓಲಾಡಿದ ಕಡೆಗೆ ತಾನೂ ಓಲಾಡುತ್ತ ಬಂದ.

"ಬರ್ರಿ, ಬರ್ರಿ! ಮುಂದಿನ ವರ್ಷ ಯಾರ‍್ಯಾರು ಬರಾವ್ರು ಈಗಽ ಅಡಕಿ ಇಡ್ರಿ. ಇನ್ನ ಎರಡು ತಾಸಿನ್ಯಾಗ ಮುಂಬಯಿ ಬರತೈತಿ. ನೆಲಾ ಮುಟ್ಟಿದ ಮ್ಯಾಲ ನಾ ಯಾರ ಹೆಸರೂ ಬರಕೊಳ್ಳಾಂವಲ್ಲ!"

ಹಿಂದಿನ ದಿನ ಬೆಳಿಗ್ಗೆ ಪಣಜಿ ಬಿಟ್ಟ ಹಡಗು ಅದು. ಗೋವೆಯ ಮಂಗೇಶಿಯ ದರ್ಶನ ಮುಗಿಸಿದ ಸೊಲ್ಲಾಪುರದ ಇಪ್ಪತ್ತೆರಡು ಮಂದಿ ಮೇಲಿನ ಡೆಕ್ಕಿನಲ್ಲಿ ನೆರಳಿದ್ದ ಒಂದು ಮೂಲೆಯನ್ನು ಹಿಡಿದುಕೊಂಡು, ಚಾದರ ಹಾಸಿ, ರೊಟ್ಟಿಯ ಗಂಟು ಬಿಚ್ಚಿ, ಸ್ವಂತ ಮನೆಯ ಪಡಸಾಲೆಯಲ್ಲಿ ಕೂತವರ ಹಾಗೆ ಕೂತಿದ್ದರು. ಹಾಗೆ ಕೂರಿಸಿದವನೇ ಸಾತಲಿಂಗಪ್ಪ. ಚಾಟಿ ಗಲ್ಲಿಯಲ್ಲಿ ಅವನದು ಚಾದರದ ಅಂಗಡಿ. ಅಂಗಡಿಯನ್ನು ತಮ್ಮನಿಗೆ ಬಿಟ್ಟು ವರ್ಷಕ್ಕೊಮ್ಮೆ ಮಾಘದಲ್ಲಿ ಹೀಗೆ ಜನ ಕಟ್ಟಿಕೊಂಡು ಹೊರಡುವುದು ಅವನ ಖಯಾಲಿ. ಇದು ಮೂರನೆಯ ವರ್ಷ.

ಮುಂದಿನ ವರ್ಷದ ಜಾಗವನ್ನು ಹಡಗಿನಲ್ಲಿದ್ದಾಗಲೇ ಹಿಡಿಯಬೇಕು ಎಂಬ ಕಾಯಿದೆಯೂ ಅವನದೇ. ಮುಂಬಯಿಯ ಏಜೆಂಟನಿಗೆ ಯಾದಿ ಬೇಗ ಸಿಕ್ಕರೆ ಈ ನೆರಳಿನ ಮೂಲೆ ಖಾತ್ರಿ ಎಂಬುದು ಅವನು ಬಾಯಲ್ಲಿ ಹೇಳುವ ಕಾರಣ. ನಿಜವಾದ ಕಾರಣ ಬೇರೆ. ನೆಲಕ್ಕೆ ಕಾಲು ಹತ್ತಿದ ಕೂಡಲೇ ಮನುಷ್ಯನಿಗೆ ಅಂಗಡಿ ನೆನಪಾಗುತ್ತದೆ, ಮಗಳ ಬಾಣಂತನ ನೆನಪಾಗುತ್ತದೆ, ಮೊಣಕಾಲ ನೋವು ನೆನಪಾಗುತ್ತದೆ. ನೀರಿನ ಮೇಲಿರುವಾಗ ಮಾತ್ರ ಎಲ್ಲರೂ ರಾಜರು. ಮೂರೂ ವರ್ಷ ನೋಡಿ ಅವನು ಈ ಗುಟ್ಟನ್ನು ತಿಳಿದುಕೊಂಡಿದ್ದ.

ಕಾಗದದಲ್ಲಿ ಸಹಿ ಮಾಡಿಸಿಕೊಂಡರೆ ಯಾರೂ ಬಗ್ಗುವವರಲ್ಲ. ಅದಕ್ಕೇ ಅಡಿಕೆ. ಅವರ ಜನದಲ್ಲಿ ಹೆಣ್ಣು ಕೊಡುವ ತರುವ ಮಾತು ನಿಕ್ಕಿಯಾದರೆ ನಾಲ್ಕು ಮಂದಿಯ ಎದುರು ತಾಟಿನಲ್ಲಿ ಅಡಿಕೆ ಇಡುತ್ತಾರೆ. ಇಟ್ಟ ಮೇಲೆ ಮುಗಿಯಿತು. ಅದನ್ನು ತಿರುಗಿ ಎತ್ತಿಕೊಂಡ ಮನೆತನದ ಹೆಸರನ್ನು ಊರು ಹತ್ತು ವರ್ಷ ಚಪ್ಪರಿಸುತ್ತದೆ. ಲಗ್ನದ ಪದ್ಧತಿಯನ್ನು ಹಡಗಿಗೆ ತಂದ ಸಾತಲಿಂಗಪ್ಪನ ಬುದ್ಧಿಗೆ ಎಲ್ಲರೂ ನಕ್ಕಿದ್ದರು. ನಕ್ಕವರು ಅಡಿಕೆ ಇಟ್ಟೂ ಇದ್ದರು.

ಕಿರಾಣಿ ರಾಚಪ್ಪ ರತ್ನಾಗಿರಿಯಿಂದ ಈಚೆಗೆ ಒಂದೇ ಸಮನೆ ವಾಂತಿ ಮಾಡಿಕೊಂಡು, ಮುಖ ಹುಣಸೆಹಣ್ಣಿನಷ್ಟು ಮಾಡಿಕೊಂಡು ಬಿದ್ದಿದ್ದ. ತಾಟು ಹತ್ತಿರ ಬಂದದ್ದೇ ಎದ್ದು ಕೂತು ತಲೆಗೊಂದರಂತೆ ಮೂರು ಅಡಿಕೆ ಇಟ್ಟ.

"ಏನಪಾ ರಾಚಪ್ಪ, ಇನ್ನ ಜನ್ಮದಾಗ ಬೋಟ ಹತ್ತಂಗಿಲ್ಲ ಅಂದಿದ್ದಿ?"

"ಅದು ರಾತ್ರಿ ಮಾತು ಬಿಡೋ ಮಾರಾಯಾ. ಬರಕೋ."

ನಗೆ ಎದ್ದಿತು. ನಗೆ ಇಳಿಯುವಷ್ಟರಲ್ಲಿ ತಾಟು ರತ್ನಾಬಾಯಿಯ ಮುಂದಿತ್ತು. ಐವತ್ತನಾಲ್ಕರ ಹೆಂಗಸು. ಗಂಡ ಶಂಕರೆಪ್ಪ ತೀರಿಹೋದ ಮೇಲೆ ನೂಲಿನ ಅಂಗಡಿಯ ಗಾದಿಯ ಮೇಲೆ ತಾನೇ ಹತ್ತಿ ಕೂತು, ಮಗ ದೊಡ್ಡವನಾಗುವವರೆಗೆ ನಡೆಸಿ, ಈಗಲೂ ವಾರಕ್ಕೆರಡು ಸಲ ಹೋಗಿ ಮಗನ ತಪ್ಪು ಹಿಡಿದು ಬರುವವಳು. ಆಕೆ ಮಡಿಲಿನಿಂದ ಒಂದು ಅಡಿಕೆ ತೆಗೆದು ಟಣ್ಣೆಂದು ತಾಟಿಗೆ ಹಾಕಿದಳು. ಸಾತಲಿಂಗಪ್ಪ ಬರೆದುಕೊಂಡ. ಇನ್ನೊಂದು ತೆಗೆದು ಹಾಕಿದಳು.

"ಇದು ಸೊಸಿದೇನ್ರೀ, ಅಕ್ಕಾರ?"

"ನಂದಲ್ಲ!" ಎಂದು ಚಾದರದೊಳಗಿನಿಂದಲೇ ಸೊಸೆ ನೀಲಗಂಗಾ ಕೂಗಿದಳು. ವಾಂತಿಯ ವಿಷಯದಲ್ಲಿ ಆಕೆಯೂ ರಾಚಪ್ಪನ ಪೈಕಿ. ಆದರೆ ಇನ್ನು ಬೋಟು ಹತ್ತುವುದಿಲ್ಲ ಎಂಬ ಆಕೆಯ ಮಾತು ರಾತ್ರಿಯದಷ್ಟೇ ಅಲ್ಲ, ಹಗಲಿನದೂ ಅದೇ.

"ಇದು ಗುರಮ್ಮಂದು," ಎಂದಳು ರತ್ನಾಬಾಯಿ.

"ಯಾವ ಗುರಮ್ಮ?"

"ನನಗ ಎಷ್ಟು ಮಂದಿ ಗುರಮ್ಮಗೋಳು ಅದಾರು? ಅಕ್ಕಲಕೋಟದಾಕಿ. ನಮ್ಮ ಮೈದುನನ ಹೇಣ್ತಿ. ಬರಕೋರಿ."

ಸಾತಲಿಂಗಪ್ಪನ ಪೆನ್ನು ನಿಂತಿತು. ಅಕ್ಕಪಕ್ಕದ ನಾಲ್ಕು ಚಾದರಗಳ ಮೇಲಿನ ಮಾತೂ ನಿಂತಿತು. ರತ್ನಾಬಾಯಿ ತನ್ನ ನೆಗೆಣ್ಣಿಯ ಮನೆಯ ಹೊಸಿಲು ತುಳಿದು ಒಂಬತ್ತು ವರ್ಷವಾಯಿತೆಂಬುದು ಅಲ್ಲಿ ಯಾರಿಗೆ ಗೊತ್ತಿರಲಿಲ್ಲ?

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಆಕಿ ಹೂಂ ಅಂದಾಳೇನು?"

"ಅಂತಾಳ."

"ಅಂತಾಳ ಬ್ಯಾರೆ, ಅಂದಾಳ ಬ್ಯಾರೆ. ಅಡಕಿ ಮಾತಿದು. ಇಟ್ಟ ಜಾಗಾ ನಾ ಮತ್ತೊಬ್ಬರಿಗೆ ಕೊಡಾಂವಲ್ಲ, ಖಾಲಿ ಹೋದರೂ ಖಾಲಿನಽ. ಬರೂ ಸೋಮವಾರ ಯಾದಿ ಮುಂಬಯಿಗೆ ಹೋಗತೈತಿ. ಅಷ್ಟರಾಗ ಆಕಿ ಬಾಯಿಂದ ಹೂಂ ಬರಲಿಲ್ಲಂದ್ರ, ಇದಽ ಅಡಕಿ ನಿಮ್ಮ ಕೈಯಾಗ ವಾಪಸ್ ಇಡಬೇಕಾಗತೈತಿ. ಎಲ್ಲಾರ ಮುಂದ."

"ಇಡ್ರಿ. ಅದರ ಪಾಳಿ ಬರಂಗಿಲ್ಲ," ಎಂದಳು ರತ್ನಾಬಾಯಿ. ಅಂಗಡಿಯ ಗಾದಿಯ ಮೇಲೆ ಕೂತು ಎಷ್ಟೋ ಸಲ ಇಂಥದೇ ದನಿಯಲ್ಲಿ ಮಾತು ಮುಗಿಸಿದವಳು ಆಕೆ. ಸಾತಲಿಂಗಪ್ಪ ಬರೆದುಕೊಂಡ. ತಾಟು ಮುಂದಕ್ಕೆ ಹೋಯಿತು.

ನೀಲಗಂಗಾ ಚಾದರ ಸರಿಸಿ ಒಂದು ಕಣ್ಣಿನಿಂದ ಅತ್ತೆಯನ್ನು ನೋಡಿದಳು. "ಅತ್ತ್ಯಾರ, ಖರೇನಽ ಸಣ್ಣತ್ತಿ ಬರ್ತಾರಂತ ನಿಮಗ ಖಾತ್ರಿ ಐತೇನ್ರಿ?"

"ಮಲಕೋ ನೀ. ಮತ್ತ ಹೊಟ್ಟಿ ತೊಳಸೀತು."

ಖಾತ್ರಿ! ಖಾತ್ರಿ ಇದ್ದದ್ದು ದನಿಗೆ ಮಾತ್ರ.

ಈ ಉಪದ್ವ್ಯಾಪಕ್ಕೆ ಕಾರಣ ನಡೆದದ್ದು ಹೋಗುವಾಗ. ಮುಂಬಯಿಯ ಧಕ್ಕೆ ಬಿಟ್ಟು ಒಂದೆರಡು ತಾಸಾಗಿರಬೇಕು. ದಡ ಸಣ್ಣದಾಗುತ್ತ ಆಗುತ್ತ ಒಂದು ಗೆರೆಯಾಗಿ, ಆಮೇಲೆ ಬಿಸಿಲಿನಲ್ಲಿ ಅದೂ ಕರಗಿಹೋಯಿತು. ರತ್ನಾಬಾಯಿ ಕಟಕಟೆ ಹಿಡಿದು ನಿಂತಿದ್ದಳು. ನೀರು, ನೀರು, ಅದರಾಚೆಗೂ ನೀರು. ಆಕೆಗೆ ಅರಿವಿಲ್ಲದೆ ಬಾಯಿ ತೆರೆಯಿತು: "ಅಗಾ ಗುರಮ್ಮಾ, ಇಲ್ಲಿ ನೋಡ ಬಾ!" ಕೂಗಿ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಯಾರೋ ಮಂಗಳೂರಿನ ಕಡೆಯ ಹೆಂಗಸು ಬಾಳೆಹಣ್ಣು ತಿನ್ನುತ್ತಿದ್ದಳು. ರತ್ನಾಬಾಯಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದಿನಿಂದಲೇ ಅಳು ಬಂತು. ಒಂಬತ್ತು ವರ್ಷ ಬಿಗಿಹಿಡಿದ ಬಾಯಿ ಅದು, ಹೀಗೆ ಮೋಸ ಮಾಡಬೇಕೆ?

ಮದುವೆಯಾಗಿ ಬಂದ ಮೇಲೆ ಅಕ್ಕಲಕೋಟದ ಮನೆಯಲ್ಲಿ ಇಬ್ಬರೂ ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕೂತವರು. ಅತ್ತೆಯ ಕಣ್ಣು ತಪ್ಪಿಸಿ ಮಾಳಿಗೆಯ ಮೇಲೆ ಶೇಂಗಾ ಬೆಲ್ಲ ತಿಂದವರು. ಶಂಕರೆಪ್ಪ ಸೊಲ್ಲಾಪುರದಲ್ಲಿ ಅಂಗಡಿ ಹಾಕಿ ಸಂಸಾರ ಕರೆದೊಯ್ದಾಗ ಗುರಮ್ಮ ಬಸ್ಸಿನ ಹಿಂದೆ ಅರ್ಧ ಫರ್ಲಾಂಗು ನಡೆದು ಬಂದಿದ್ದಳು. ಆಮೇಲೆ ಗುರಮ್ಮನ ಮಗಳು ಇಂದುಬಾಯಿ ಸಾಲಿ ಕಲಿಯಲು ದೊಡ್ಡವ್ವನ ಮನೆಗೆ ಬಂದಳು. ಆರು ವರ್ಷ ಅವಳ ತಲೆ ಬಾಚಿದವಳು, ಜ್ವರ ಬಂದರೆ ಎದ್ದು ಕೂತವಳು ರತ್ನಾಬಾಯಿ.

ಆ ಇಂದುಬಾಯಿಯ ಲಗ್ನದಲ್ಲೇ ಎಲ್ಲ ಕೆಟ್ಟದ್ದು. ಶಂಕರೆಪ್ಪ ತೀರಿ ಅದಾಗಲೇ ವರ್ಷ ಕಳೆದಿತ್ತು. ಹುಡುಗಿಗೆ ಅರಿಷಿಣ ಹಚ್ಚುವಾಗ ರತ್ನಾಬಾಯಿ ಯಾವ ಯೋಚನೆಯೂ ಇಲ್ಲದೆ ಎದ್ದು ಬಟ್ಟಲು ಕೈಗೆ ತಗೊಂಡಿದ್ದಳು. ಗುರಮ್ಮ ಬಂದು ಆ ಬಟ್ಟಲನ್ನು ಮೆಲ್ಲಗೆ ಕೈಯಿಂದ ಬಿಡಿಸಿಕೊಂಡಳು. "ನೀ ಕೂಡಬೇ ಅಕ್ಕಾ, ಅವರು ಹಚ್ತಾರ," ಎಂದಳು. ಅಷ್ಟೇ. ಒಂದು ಕಟು ಮಾತಿಲ್ಲ, ಒಂದು ಏರುದನಿಯಿಲ್ಲ. ಹಂದರದಲ್ಲಿದ್ದ ಹೆಂಗಸರೆಲ್ಲ ನೋಡಿದರು. ಅಕ್ಷತೆಗೂ ನಿಲ್ಲದೆ ಮಧ್ಯಾಹ್ನದ ಬಸ್ಸು ಹತ್ತಿದ ರತ್ನಾಬಾಯಿ ಆ ಊರ ಕಡೆ ಮತ್ತೆ ಮುಖ ಮಾಡಿರಲಿಲ್ಲ. ಅಲ್ಲಿಂದಲೂ ಯಾರೂ ಕರೆಯಲು ಬಂದಿರಲಿಲ್ಲ.

ಈಗ ಅದೇ ಗುರಮ್ಮನ ಹೆಸರಿಗೆ ಅಡಿಕೆ ಇಟ್ಟು ಕೂತಿದ್ದಾಳೆ. ಆಕೆ ಒಲ್ಲೆ ಎಂದರೆ ಪೇಟೆಯಲ್ಲಿ ನಗೆಪಾಟಲು, ಅದು ಇರಲಿ. ನಗುವವರನ್ನು ರತ್ನಾಬಾಯಿ ಬಹಳ ಮಂದಿಯನ್ನು ನೋಡಿದ್ದಳು. ಆದರೆ ಅದೇ ಹೆಂಗಸಿನಿಂದ ಎರಡನೆಯ ಸಲ ಕೈ ಖಾಲಿ ಮಾಡಿಸಿಕೊಂಡು ಬರುವುದು? ಅದನ್ನು ತಾಳುವ ಶಕ್ತಿ ತನಗಿಲ್ಲವೆಂದು ಆಕೆಗೆ ಗೊತ್ತಿತ್ತು.

ಸೊಲ್ಲಾಪುರ ಮುಟ್ಟಿದ ಮೂರನೆಯ ದಿನ, ಶುಕ್ರವಾರ, ಆಕೆ ಅಕ್ಕಲಕೋಟದ ಬಸ್ಸು ಹತ್ತಿದಳು. ಚಿಟ್ಟಿ ಬರೆದು ಕಳಿಸೋಣ ಎಂದ ಮಗ. ನಾನೂ ಬರ್ತೀನಿ ಎಂದಳು ನೀಲಗಂಗಾ. ಇಬ್ಬರಿಗೂ ಒಂದೇ ಉತ್ತರ: "ನಿಮ್ಮ ಕೆಲಸಾ ನೀವು ನೋಡ್ಕೋರಿ." ಬಸ್ಸಿನಲ್ಲಿ ಕಿಡಕಿಯ ಕಡೆ ಕೂತು, ಏನು ಹೇಳಬೇಕು, ಎಲ್ಲಿಂದ ಎತ್ತಬೇಕು ಎಂದು ಒಂದಲ್ಲ ನಾಲ್ಕು ಸಲ ಮಾತು ಜೋಡಿಸಿದಳು. ರಸ್ತೆಯ ಎರಡೂ ಕಡೆ ಜೋಳ ಕೊಯ್ದು ಸಿವುಡು ಕಟ್ಟಿ ನಿಲ್ಲಿಸಿದ್ದರು. ಈ ಸಲ ಬೆಳೆ ಚೆನ್ನಾಗಿ ಬಂದಿತ್ತು. ಅಕ್ಕಲಕೋಟದಲ್ಲಿ ಇಳಿಯುವ ಹೊತ್ತಿಗೆ ಜೋಡಿಸಿದ್ದ ಮಾತುಗಳೆಲ್ಲ ಚದುರಿಹೋಗಿದ್ದವು. ಆಗಲಿ, ಬಾಯಿಗೆ ಬಂದದ್ದು ಹೇಳಿದರಾಯಿತು ಎಂದುಕೊಂಡು ಸೆರಗು ಬಿಗಿದು ನಡೆದಳು.

ಅಂಗಳದ ತುಂಬ ಹೊಸ ಜೋಳ ಹರಡಿತ್ತು. ಗುರಮ್ಮ ನಡುವೆ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು. ರತ್ನಾಬಾಯಿಯ ಕಣ್ಣಿನಲ್ಲಿ ಗುರಮ್ಮ ಇನ್ನೂ ಕಪ್ಪು ಕೂದಲಿನವಳೇ ಆಗಿದ್ದಳು.

ಮೊದಲು ನೋಡಿದವನು ಮೈದುನ ಭೀಮಶಾ. ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದವನು ಹಗ್ಗವನ್ನು ಅಲ್ಲೇ ಬಿಸಾಕಿ ಎದ್ದ. "ವೈನಿ! ವೈನಿ ಬಂದ್ರು! ಏ, ಯಾರು ಬಂದಾರ ನೋಡಲ್ಲಿ!"

ಗುರಮ್ಮನ ಕೈಯಲ್ಲಿ ಮೊರ ಹಾಗೇ ನಿಂತಿತು. ಎದ್ದಳು. ಒಳಗೆ ಹೋದಳು. ಹೋದವಳು ತಿರುಗಿ ಬರುತ್ತಾಳೋ ಇಲ್ಲವೋ ಎಂದು ರತ್ನಾಬಾಯಿ ನಿಂತೇ ಇದ್ದಳು. ಗುರಮ್ಮ ತಂಬಿಗೆಯಲ್ಲಿ ನೀರು ತಂದು ಕಾಲಿಗೆ ಕೊಟ್ಟಳು, ಮಗಿಯಲ್ಲಿ ಕುಡಿಯಲು ಕೊಟ್ಟಳು, ಕಂಬಳಿ ಹಾಸಿದಳು. ಕೈ ಎಲ್ಲ ಕೆಲಸ ಮಾಡಿತು, ಬಾಯಿ ಮಾತ್ರ ಹೊಲಿದುಕೊಂಡಿತ್ತು. ಆಮೇಲೆ ಮತ್ತೆ ಜೋಳದ ಮುಂದೆ ಹೋಗಿ ಕೂತಳು.

ರತ್ನಾಬಾಯಿ ಕಂಬಳಿಯ ಮೇಲೆ ಕೂರಲಿಲ್ಲ. ಆಕೆಯ ಎದುರಿಗೇ ಹೋಗಿ ನೆಲದ ಮೇಲೆ ಕೂತಳು.

"ಮುಂದಿನ ಮಾಘದಾಗ ಬೋಟಿನ್ಯಾಗ ನಿನ್ನ ಜಾಗಾ ಹಿಡದೀನಿ. ನಿನ್ನ ಹೆಸರೀಲೆ ಅಡಕಿ ಇಟ್ಟು ಬಂದೀನಿ. ಹೂಂ ಅನ್ನು, ನಾ ಹೋಗ್ತೀನಿ."

ಗುರಮ್ಮ ತಲೆ ಎತ್ತಿದಳು. "ಒಂಬತ್ತ ವರ್ಷದ ಮ್ಯಾಲ ಬಂದು ಹೇಳೂ ಮಾತು ಇದೇನಬೇ ಅಕ್ಕಾ?"

"ಹೂಂ, ಇದಽ."

"ಯಾರನ್ನ ಕೇಳಿ ನನ್ನ ಹೆಸರೀಲೆ ಅಡಕಿ ಇಟ್ಟಿ?"

"ನಮ್ಮ ಲಗ್ನದಾಗ ನಮ್ಮನ್ನ ಕೇಳಿ ಇಟ್ಟಿದ್ರೇನು?"

ಭೀಮಶಾ ಹೊಹ್ಹೊ ಎಂದು ನಕ್ಕುಬಿಟ್ಟ. ಹೆಂಡತಿ ತಿರುಗಿ ನೋಡಿದ ನೋಟಕ್ಕೆ ಆ ನಗೆ ಅರ್ಧಕ್ಕೇ ಉಳಿಯಿತು. ಅವನಿಗೆ ಒಮ್ಮೆಲೇ ಎತ್ತಿಗೆ ನೀರು ಕುಡಿಸುವುದು ನೆನಪಾಗಿ ಹಿತ್ತಲಿಗೆ ಹೋದ.

"ನಾ ಒಲ್ಲೆ," ಎಂದಳು ಗುರಮ್ಮ. ಮೊರವನ್ನು ಜೋರಾಗಿ ಆಡಿಸಿದಳು. "ನನಗ ಬೋಟೂ ಬ್ಯಾಡ, ಗೀಟೂ ಬ್ಯಾಡ. ಬ್ಯಾರೆ ಯಾರನರ ಕರಕೊಂಡು ಹೋಗು."

"ಬ್ಯಾರೆಯವರನ್ನ ಕರಿಯಾಕ ನಾ ಇಲ್ಲೀತನಕ ಬರಬೇಕಾಗಿತ್ತೇನು? ನಮ್ಮ ಗಲ್ಲಿಯಾಗ ಹೆಂಗಸರು ತೀರ‍್ಯಾರೇನು?"

"ಯಾಕ ಹಟಾ ಮಾಡ್ತಿ?" ಗುರಮ್ಮನ ದನಿ ಅಲುಗಿತು. ಮೊರ ಕೆಳಗಿಟ್ಟಳು. "ಯಾವ ಮುಖಾ ತಗೊಂಡು ನಿನ್ನ ಬಾಜೂ ಕೂಡಲಿ ನಾ? ಅವತ್ತು ನಿನ್ನ ಕೈಯಾಗಿನ ಬಟ್ಟಲಾ ಕಸಗೊಂಡಾಕಿ ನಾ. ಬೀಗರ ಪೈಕಿ ಒಬ್ಬಾಕಿ ಮುದುಕಿ ಕಿವ್ಯಾಗ ಅಂದ್ಳು, ವಿಧವಾ ಕೈಲೆ ಹಚ್ಚಸ್ತೀರೇನು ಅಂತ. ನಾ ಅಂಜಿದೆ. ಲಗ್ನಾ ಮುರದೀತು ಅಂತ ಅಂಜಿದೆ. ಆರು ವರ್ಷ ನನ್ನ ಮಗಳನ್ನ ಸಾಕಿದ ಕೈ ಅದು ಅಂತ ಆ ಮುದುಕಿಗೆ ಹೇಳಾಕ ನನಗ ಬಾಯಿ ಬರಲಿಲ್ಲ. ನೀ ಬಸ್ ಹತ್ತಿದ್ದು ಮಾಳಿಗಿ ಮ್ಯಾಲಿಂದ ನೋಡಿದೆ. ಓಡಿ ಬರಬೇಕಾಗಿತ್ತು, ಬರಲಿಲ್ಲ. ನಾಳಿ ಹೋಗ್ತೀನಿ, ನಾಡದ ಹೋಗ್ತೀನಿ ಅಂತ ದಿನಾ ಅಂದೆ. ಅಂದಷ್ಟೂ ಮತ್ತಷ್ಟು ನಾಚಿಕಿ ಬಂತು. ಒಂಬತ್ತ ವರ್ಷ ಆತು."

ರತ್ನಾಬಾಯಿ ಕೇಳುತ್ತ ಕೂತಳು. ಇಷ್ಟು ವರ್ಷ ತಾನು ಕಾದದ್ದು ಈ ಮಾತಿಗೇ. ಕೇಳಿದ ಮೇಲೆ ಗೆದ್ದ ಸಂತೋಷವೇನಾದರೂ ಆಯಿತೇ ಎಂದರೆ ಅದೂ ಇಲ್ಲ. ತನ್ನ ಪಾಲಿನದೂ ಒಂದು ಹೊರೆ ಎದೆಯಲ್ಲಿ ಕೂತಿತ್ತು, ಅದನ್ನು ಇಳಿಸದೆ ಏಳುವಂತಿರಲಿಲ್ಲ.

"ಸುಟ್ಟಿತ್ತು, ಗುರಮ್ಮಾ. ಸುಳ್ಳ ಯಾಕ ಹೇಳಲಿ? ಅವರು ಸತ್ತಾಗ ಅತ್ತಷ್ಟಽ ಆ ಬಸ್ಸಿನ್ಯಾಗ ಅತ್ತೀನಿ. ಆದ್ರ ನಂದೂ ತಪ್ಪೈತಿ. ನಿನ್ನ ಮ್ಯಾಲಿನ ಸಿಟ್ಟು ಆ ಕೂಸಿನ ಮ್ಯಾಲ ತೀರಿಸಿಕೊಂಡು ಬಂದೆ. ಅಕ್ಷತಾ ಹಾಕೂ ಹೊತ್ತಿನ್ಯಾಗ ಇಂದು ನನ್ನ ಹುಡುಕಿದ್ಳಂತ. ಯಾರೋ ಹೇಳಿದ್ರು ಆಮ್ಯಾಲ. ಅದು ಕೇಳಿದ ಮ್ಯಾಲರ ನಾ ಬರಬೇಕಾಗಿತ್ತು. ಬರಲಿಲ್ಲ. ನಾನೂ ದೊಡ್ಡಾಕಿ ಅನ್ನೂ ಸೊಕ್ಕು."

"ಮತ್ತ ಈಗ್ಯಾಕ ಬಂದಿ?"

"ನಡು ನೀರಾಗ ನಿನ್ನ ಹೆಸರು ಬಾಯಾಗ ಬಂತು. ನಾ ಕರೀಲಿಲ್ಲ, ತಾನಽ ಬಂತು. ಅಗಾ ಗುರಮ್ಮಾ ನೋಡ ಬಾ ಅಂತ ಒದರಿದೆ. ಬೋಟಿನ ಮಂದಿ ಎಲ್ಲಾ ತಿರುಗಿ ನೋಡಿದ್ರು." ರತ್ನಾಬಾಯಿ ಮೂಗು ಒರೆಸಿಕೊಂಡಳು. "ಅಂಥಾ ನೀರು ಒಬ್ಬಾಕಿನಽ ನೋಡಿದ್ರ ಏನ ಸುಖಾ ಐತಿ? ನೀಲಗಂಗಾ ಅಂತೂ ಮುಖದ ತುಂಬಾ ಚಾದರಾ ಹೊತ್ತು ಬಿದ್ದಿದ್ಳು. ಮತ್ತ ನೀ ಮುಖದ ಮಾತು ಅಂದಿ. ಬೋಟಿನ್ಯಾಗ ಯಾರ ಮುಖಾ ಯಾರು ನೋಡ್ತಾರಬೇ? ಎಲ್ಲಾರೂ ಕಟಕಟೆಗೆ ಬಗ್ಗಿ ವಾಂತಿ ಮಾಡಾಕತ್ತಿರ್ತಾರ."

ಗುರಮ್ಮ ಅಳುತ್ತಿದ್ದವಳು ಫಕ್ಕನೆ ನಕ್ಕಳು. ನಕ್ಕದ್ದಕ್ಕೆ ಸಿಟ್ಟು ಬಂದು ಸೆರಗಿನಿಂದ ಮುಖ ಗಸಗಸ ಒರೆಸಿಕೊಂಡಳು. ಅಷ್ಟರಲ್ಲಿ ಒಂದು ಗುಬ್ಬಿ ಬಂದು ಜೋಳಕ್ಕೆ ಬಾಯಿ ಹಾಕಿತು. ಇಬ್ಬರೂ ಒಟ್ಟಿಗೇ "ಹುಶ್" ಎಂದು ಕೈ ಬೀಸಿದರು.

ಹಿತ್ತಲಲ್ಲಿ ಭೀಮಶಾ ಎತ್ತಿನ ಜೊತೆ ಜೋರಾಗಿ ಮಾತಾಡುತ್ತಿದ್ದ. ತಾನು ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸುವ ಉಪಾಯ ಅವನದು.

ಗುರಮ್ಮ ಜೋಳದೊಳಗಿನ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು. "ರಾತ್ರಿ ಎಲ್ಲಿ ಮಲಗೂದು ಅಲ್ಲೆ?" ಎಂದಳು, ತಲೆ ಎತ್ತದೆ.

ರತ್ನಾಬಾಯಿಯ ಕಿವಿಗಳು ನೆಟ್ಟಗಾದವು. ಆದರೆ ಆಕೆ ವ್ಯಾಪಾರ ಮಾಡಿದವಳು, ಇಂಥ ಹೊತ್ತಿನಲ್ಲಿ ಅವಸರ ತೋರಿಸುವಳೇ? ನಿಧಾನವಾಗಿ ಮುಂದೆ ಸರಿದು, ಹರಡಿದ ಜೋಳದ ಮೇಲೆ ಬೆರಳಿನಿಂದ ಒಂದು ಉದ್ದ ಗೆರೆ ಎಳೆದಳು. "ಇದು ಕಟಕಟೆ. ಇದರ ಆಚೆ ಎಲ್ಲಾ ನೀರು." ಇನ್ನೊಂದು ಗೆರೆ. "ಇಲ್ಲಿ ಮಾಡು ಐತಿ, ಬಿಸಿಲು ಬರಂಗಿಲ್ಲ. ಅಲ್ಲೆ ಮೂಲ್ಯಾಗ ನಳಾ. ಸಾತಲಿಂಗಪ್ಪನ ಮಂದಿ ಎಲ್ಲಾ ಈ ಕಡೆ ಸಾಲಾಗಿ ಹಾಸತಾರ. ನಾವು ಇಲ್ಲಿ, ಕಟಕಟೆ ಹಂತ್ಯಾಕ. ಗಾಳಿ ಚಲೋ ಬರತೈತಿ." ಅಂಗೈಯಿಂದ ಜೋಳದಲ್ಲಿ ಎರಡು ಉದ್ದನೆಯ ಗುಂಡಿ ಮಾಡಿದಳು. "ಇದು ನಂದು. ಇದು ನಿಂದು."

"ಸಾಮಾನು?"

ರತ್ನಾಬಾಯಿ ಪಕ್ಕದಲ್ಲಿದ್ದ ಜೋಳ ಅಳೆಯುವ ಸೇರನ್ನು ತಗೊಂಡು ಎರಡು ಹಾಸಿಗೆಗಳ ನಡುವೆ ಇಟ್ಟಳು. "ಇದು ಟ್ರಂಕು. ಬಟ್ಟಿ, ರೊಟ್ಟಿ, ಚಟ್ನಿ, ಎಲ್ಲಾ ಇದರಾಗ."

ಗುರಮ್ಮ ಕೈ ಚಾಚಿ ಸೇರನ್ನು ಎತ್ತಿ ಆ ಬದಿಗೆ, ಕಟಕಟೆಯ ಗೆರೆಯ ಕಡೆಗೆ ಇಟ್ಟಳು. ಎರಡು ಹಾಸಿಗೆಗಳ ನಡುವೆ ಉಳಿದಿದ್ದ ಜೋಳದ ದಿಬ್ಬವನ್ನು ಅಂಗೈಯಿಂದ ಮೆಲ್ಲಗೆ ಸವರಿ ಸಮ ಮಾಡಿದಳು.